ಚೀಲದಲ್ಲಿ ಹಿಡಿಸುವ ಕೋವಿ: ಮಡಚುವ ಪಾಯಿಂಟ್ 22 ರೈಫಲಿನ ಇತಿಹಾಸ

ಯುದ್ಧಕ್ಕೆಂದು ರೂಪುಗೊಂಡ ಕೋವಿಗಳ ಇತಿಹಾಸ ವಿಸ್ತಾರವಾಗಿ ದಾಖಲಾಗಿದೆ. ಆದರೆ ಉತ್ತರ ಅಮೆರಿಕದ ಕಾಡು, ಸರೋವರ ಮತ್ತು ಹಿಮಪ್ರದೇಶಗಳಲ್ಲಿ ಅಲೆಯುವವರ ಬೆನ್ನುಚೀಲದಲ್ಲೋ ದೋಣಿಯ ತಳದಲ್ಲೋ ವಿಮಾನದ ಆಸನದಡಿಯಲ್ಲೋ ಹಿಡಿಸುವಂತೆ ಮಡಚಬಹುದಾದ, ಇಲ್ಲವೇ ಎರಡು ಮೂರು ಭಾಗಗಳಾಗಿ ಕಳಚಬಹುದಾದ ಪುಟ್ಟ ರೈಫಲುಗಳ ಇತಿಹಾಸವೂ ಒಂದೂವರೆ ಶತಮಾನದಷ್ಟು ಉದ್ದವಿದೆ. ಮೊಲ, ಅಳಿಲು, ಕಾಡುಕೋಳಿಯಂಥ ಗ್ರೌಸ್ ಹಕ್ಕಿ ಮೊದಲಾದ ಸಣ್ಣ ಬೇಟೆಗೆ ಮೀಸಲಾಗಿದ್ದ ಈ ಕೋವಿಗಳು ಹೊರನೋಟಕ್ಕೆ ಒಂದೇ ಕುಲದವೆಂದು ತೋರಿದರೂ, ಅವುಗಳ ಹಿಂದೆ ಎರಡು ಬೇರೆ ಬೇರೆ ಅಗತ್ಯಗಳು ಕೆಲಸ ಮಾಡಿವೆ: ಒಂದು, ದಿನವೂ ಹೊತ್ತು ನಡೆಯುವವನ ಅಗತ್ಯ, ಇನ್ನೊಂದು, ಎಂದೋ ಬರಬಹುದಾದ ಒಂದು ಆಪತ್ತಿನ ದಿನಕ್ಕಾಗಿ ಎತ್ತಿಡುವವನ ಅಗತ್ಯ. ಇಂಥ ಕೋವಿಯ ಆಯ್ಕೆಯ ಪ್ರಶ್ನೆಗೆ ಉತ್ತರ ಸಿಗುವುದು ಈ ಎರಡು ಅಗತ್ಯಗಳು ಎಲ್ಲಿ ಕವಲೊಡೆದವು ಎಂಬುದನ್ನು ಅರಿತಾಗಲೇ.

ಈ ಕೋವಿಗಳ ಹುಟ್ಟಿಗೆ ಕಾರಣವಾದದ್ದು ಒಂದು ಬಗೆಯ ತೋಟೆ. ಮಲೆನಾಡಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕೇಪಿನ ಕೋವಿಯಲ್ಲಿ ಮದ್ದನ್ನೂ ಗುಂಡು ಅಥವಾ ಚರೆಯನ್ನೂ ನಳಿಗೆಯ ಬಾಯಿಂದ ತುಂಬಿ, ಗಜದಿಂದ ಇಡಿದು, ಕಿಡಿ ಹೊತ್ತಿಸುವ ಕೇಪನ್ನು ಪ್ರತ್ಯೇಕವಾಗಿ ಇಡಬೇಕಾಗುತ್ತಿತ್ತು. ಗುಂಡು, ಮದ್ದು, ಕಿಡಿ ಹೊತ್ತಿಸುವ ಸ್ಫೋಟಕ ಈ ಮೂರನ್ನೂ ಒಂದೇ ಲೋಹದ ಕೋಶದಲ್ಲಿ ಅಡಗಿಸಿಟ್ಟದ್ದೇ ತೋಟೆ. ಪ್ಯಾರಿಸಿನ ಕೋವಿ ತಯಾರಕ ಲೂಯಿ ಫ್ಲೋಬೆರ್ 1845ರ ಸುಮಾರಿಗೆ, ಕೇಪಿನ ಬಾಯಿಗೆ ಪುಟ್ಟ ಗುಂಡೊಂದನ್ನು ಕೂರಿಸಿ, ಬೇರೆ ಮದ್ದೇ ಇಲ್ಲದೆ ಸ್ಫೋಟಕದ ಬಲವೊಂದರಿಂದಲೇ ಹಾರುವ ಚಿಕ್ಕ ತೋಟೆಯನ್ನು ಮನೆಯೊಳಗಿನ ಗುರಿ ಅಭ್ಯಾಸಕ್ಕಾಗಿ ರೂಪಿಸಿದನು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಇದೇ ತತ್ತ್ವಕ್ಕೆ ಕರಿಮದ್ದನ್ನು ಸೇರಿಸಿ, 1857ರಲ್ಲಿ ತನ್ನ ಮೊದಲ ರಿವಾಲ್ವರಿನೊಂದಿಗೆ ಪಾಯಿಂಟ್ 22 ಶಾರ್ಟ್ ಎಂಬ ತೋಟೆಯನ್ನು ಮಾರುಕಟ್ಟೆಗೆ ತಂದಿತು. ಪಾಯಿಂಟ್ 22 ಎಂದರೆ ಒಂದು ಅಂಗುಲದ ನೂರು ಪಾಲಿನಲ್ಲಿ 22 ಪಾಲು, ಅಂದರೆ ಸುಮಾರು ಐದೂವರೆ ಮಿಲಿಮೀಟರ್ ವ್ಯಾಸದ ಗುಂಡು. ಮುಂದೆ 1887ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಚಿಕಪಿ ಫಾಲ್ಸ್ ಊರಿನ ಸ್ಟೀವನ್ಸ್ ಕಂಪನಿಯ ಹೆಸರಿನೊಂದಿಗೆ ಬಳಕೆಗೆ ಬಂದ ಪಾಯಿಂಟ್ 22 ಲಾಂಗ್ ರೈಫಲ್ ಎಂಬ ತೋಟೆ ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ತೋಟೆಗಳಲ್ಲಿ ಒಂದು.

ಈ ತೋಟೆಗೆ ರಿಮ್‌ಫೈರ್ ಎಂಬ ಹೆಸರು ಬಂದದ್ದು ಅದರ ರಚನೆಯಿಂದ. ತೋಟೆಯ ತಳದಲ್ಲಿ ಸುತ್ತಲೂ ಹೊರಚಾಚಿದ ಅಂಚು ಒಳಗೆ ಟೊಳ್ಳಾಗಿದ್ದು, ಸ್ಫೋಟಕವನ್ನು ಆ ಟೊಳ್ಳಿನಲ್ಲೇ ತುಂಬಿರುತ್ತಾರೆ. ಟ್ರಿಗರ್ ಎಳೆದಾಗ ಕೋವಿಯ ಹೊಡೆಮೊಳೆ ಆ ಅಂಚನ್ನು ಜಜ್ಜುತ್ತದೆ, ಕಿಡಿ ಹೊತ್ತಿ ಮದ್ದು ಉರಿಯುತ್ತದೆ. ಅಂಚು ಜಜ್ಜಿಹೋಗುವಷ್ಟು ತೆಳುವಾಗಿರಲೇಬೇಕಾದ ಕಾರಣ ಕೋಶ ಹೆಚ್ಚಿನ ಒತ್ತಡವನ್ನು ತಾಳಲಾರದು, ಆದ್ದರಿಂದ ತೋಟೆಯ ಬಲಕ್ಕೆ ಹುಟ್ಟಿನಲ್ಲೇ ಒಂದು ಮಿತಿಯಿದೆ. ಈ ಮಿತಿಯೇ ಮಡಚುವ ಕೋವಿಗೆ ವರವಾಯಿತು: ಒತ್ತಡ ಕಡಿಮೆಯಿರುವುದರಿಂದ ಕೋವಿಯ ಲೋಹವನ್ನು ತೆಳುಗೊಳಿಸಬಹುದು, ಬಿಜಾಗರಿ ಹಾಕಿ ಮಡಚಬಹುದು, ತಂತಿಯ ಹಿಡಿ ಜೋಡಿಸಿದರೂ ಭುಜಕ್ಕೆ ನೋವಾಗದು. ಸುಮಾರು 2.6 ಗ್ರಾಂ ತೂಗುವ ಗುಂಡಿನ ಈ ತೋಟೆಗಳು 50 ಇರುವ ಡಬ್ಬಿ ಅಂಗೈಯಲ್ಲಿ ಅಡಗುತ್ತದೆ, ಅದರ ತೂಕ 200 ಗ್ರಾಮನ್ನೂ ಮುಟ್ಟುವುದಿಲ್ಲ. ಎನ್‌ಸಿಸಿಯಲ್ಲಿದ್ದ ಕರ್ನಾಟಕದ ಅಸಂಖ್ಯ ವಿದ್ಯಾರ್ಥಿಗಳು 25 ಮೀಟರ್ ದೂರದ ಗುರಿಹಲಗೆಗೆ ನೆಲದ ಮೇಲೆ ಮಲಗಿ ಹೊಡೆದು ಕಲಿತದ್ದು ಇದೇ ಪಾಯಿಂಟ್ 22 ರೈಫಲಿನಲ್ಲಿ. ಸದ್ದೂ ಒದೆತವೂ ಕಡಿಮೆಯಿರುವುದೇ ಕಲಿಕೆಗೆ ಅದನ್ನು ಆರಿಸಿಕೊಂಡದ್ದಕ್ಕೆ ಕಾರಣ. ಆದರೂ ಇದನ್ನು ಆಟಿಕೆಯೆಂದು ಬಗೆಯಬಾರದು. ಗುರಿ ತಪ್ಪಿದ ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು.

ಹೊತ್ತು ನಡೆಯುವ ಕೋವಿಯ ಮೊದಲ ರೂಪಗಳು 1870ರ ದಶಕದ ಪಾಕೆಟ್ ರೈಫಲುಗಳು. ಸ್ಟೀವನ್ಸ್ ಕಂಪನಿ, ವುಸ್ಟರ್ ಊರಿನ ಫ್ರಾಂಕ್ ವೆಸನ್ ಮೊದಲಾದವರು ತಯಾರಿಸಿದ ಇವು ವಾಸ್ತವವಾಗಿ ಉದ್ದ ನಳಿಗೆಯ, ಒಂದು ಬಾರಿಗೆ ಒಂದೇ ತೋಟೆ ತುಂಬುವ ಪಿಸ್ತೂಲುಗಳಾಗಿದ್ದು, ಅವುಗಳ ಹಿಂಬದಿಗೆ ಕಬ್ಬಿಣದ ಕಂಬಿಯಿಂದ ಮಾಡಿದ ಬಟ್ಟನ್ನು, ಎಂದರೆ ಭುಜಕ್ಕೆ ಆನಿಸುವ ಹಿಡಿಯನ್ನು, ಬೇಕೆಂದಾಗ ಸಿಕ್ಕಿಸಿ ಬೇಡವಾದಾಗ ತೆಗೆದಿಡಬಹುದಿತ್ತು. 1890ರ ದಶಕದಲ್ಲಿ ಅಮೆರಿಕದಲ್ಲಿ ಸೈಕಲ್ ಸವಾರಿಯ ಹುಚ್ಚು ಹರಡಿದಾಗ ಇವು ಸೈಕಲ್ ರೈಫಲುಗಳೆಂಬ ಹೆಸರು ಪಡೆದವು. ಸವಾರನು ತನ್ನ ಸಾಮಾನಿನ ಜೊತೆಗೇ ಒಂದು ಚರ್ಮದ ಚೀಲದಲ್ಲಿ ಕೋವಿಯನ್ನೂ ಒಯ್ಯುತ್ತಿದ್ದನು.

ಇದೇ ಜಾಡಿನಲ್ಲಿ ಬಂದ ಅತ್ಯಂತ ಪ್ರಸಿದ್ಧ ಕೋವಿಯೆಂದರೆ ಮಿಷಿಗನ್ ರಾಜ್ಯದ ಗ್ಲಾಡ್‌ಸ್ಟನ್ ಊರಿನ ವೆಬ್‌ಸ್ಟರ್ ಮಾರ್ಬಲ್ 1908ರಲ್ಲಿ ಹೊರತಂದ ಗೇಮ್ ಗೆಟರ್. ಕಾಡಿನ ಮರಗಳ ಅಂದಾಜು ಮಾಡುವ ವೃತ್ತಿಯಲ್ಲಿ ವರ್ಷಗಟ್ಟಲೆ ಅಲೆದ ಮಾರ್ಬಲ್, ಅಲಗನ್ನು ಮುಚ್ಚಿಟ್ಟುಕೊಳ್ಳುವ ಕೈಗೊಡಲಿಯಂಥ ಕಾಡುಪಯಣದ ಸಲಕರಣೆಗಳಿಂದ ಮೊದಲೇ ಹೆಸರು ಗಳಿಸಿದ್ದನು. ಅವನ ಕೋವಿಗೆ ಒಂದರ ಮೇಲೊಂದು ಎರಡು ನಳಿಗೆಗಳಿದ್ದವು: ಮೇಲಿನದು ಪಾಯಿಂಟ್ 22ರ ರೈಫಲ್ ನಳಿಗೆ, ಕೆಳಗಿನದು ಚರೆ ಅಥವಾ ಉರುಟುಗುಂಡು ಹಾರಿಸುವ ಪಾಯಿಂಟ್ 44ರ ನಯವಾದ ನಳಿಗೆ. ತೋಟೆಗೆ ಏಟು ಕೊಡುವ ಕುದುರೆಯ ತುದಿಯಲ್ಲಿದ್ದ ಚಿಕ್ಕ ಸನ್ನೆಯನ್ನು ಬೆರಳಿನಿಂದ ತಿರುಗಿಸಿದರೆ ಯಾವ ನಳಿಗೆಗೆ ಏಟು ಬೀಳಬೇಕೆಂಬುದು ಬದಲಾಗುತ್ತಿತ್ತು, ಆದ್ದರಿಂದ ಮರದ ಮೇಲೆ ಕೂತ ಅಳಿಲಿಗೂ ಪೊದೆಯಿಂದ ಹಾರುವ ಹಕ್ಕಿಗೂ ಒಂದೇ ಕೋವಿ ಸಾಕಾಗುತ್ತಿತ್ತು. 12, 15 ಮತ್ತು 18 ಅಂಗುಲದ ನಳಿಗೆಗಳಲ್ಲಿ ದೊರೆಯುತ್ತಿದ್ದ ಅದರ ಲೋಹದ ಹಿಡಿ ಮಡಚಿಕೊಂಡು ನಳಿಗೆಯಡಿ ಸೇರುತ್ತಿತ್ತು. ಕೋವಿಯನ್ನು ಭುಜದಿಂದ ಇಳಿಬಿಡಲು ಚರ್ಮದ ಒರೆಯೂ ಜೊತೆಗೆ ಬರುತ್ತಿತ್ತು. ಬಲೆ ಮತ್ತು ಬೋನು ಒಡ್ಡಿ ತುಪ್ಪಳದ ಪ್ರಾಣಿಗಳನ್ನು ಹಿಡಿಯುವವನಿಗೆ, ಎರಡು ಕೈಯಲ್ಲೂ ಸಾಮಾನಿರುವ ತನ್ನ ನಿತ್ಯದ ಸುತ್ತಾಟದಲ್ಲಿ ಇಂಥ ಕೋವಿ ನಿಜಕ್ಕೂ ಒದಗಿಬರುತ್ತಿತ್ತು.

ಅದೇ ಕಾಲದಲ್ಲಿ ಅಮೆರಿಕದ ಕೋವಿ ವಿನ್ಯಾಸಕ ಜಾನ್ ಮೋಸಸ್ ಬ್ರೌನಿಂಗ್ ಇನ್ನೊಂದು ದಾರಿಯನ್ನು ತೋರಿಸಿದನು. ಬೆಲ್ಜಿಯಂ ದೇಶದ ಲಿಯೇಜ್ ನಗರದ ಬಳಿಯ ಎಫ್‌ಎನ್ ಕಾರ್ಖಾನೆ 1914ರಿಂದ ತಯಾರಿಸಿದ ಅವನ ಪಾಯಿಂಟ್ 22 ರೈಫಲು ಮಡಚುವುದಿಲ್ಲ, ಕಳಚುತ್ತದೆ: ಒಂದು ಚಿಕ್ಕ ಹಿಡಿಕೆಯನ್ನು ಸರಿಸಿ ನಳಿಗೆಯನ್ನು ಕಾಲು ಸುತ್ತು ತಿರುಗಿಸಿದರೆ ಕೋವಿ ಎರಡು ತುಂಡಾಗಿ, ಪ್ರತಿ ತುಂಡೂ ಹೆಚ್ಚುಕಡಿಮೆ 19 ಅಂಗುಲಕ್ಕೆ ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ ವಿವರವೊಂದಿದೆ. ಗುರಿ ಹಿಡಿಯುವಾಗ ಒಂದರ ನೇರಕ್ಕೆ ಇನ್ನೊಂದನ್ನು ತರಬೇಕಾದ ಎರಡು ಗುರುತುಗಳಲ್ಲಿ ಮೂತಿಯ ಬಳಿಯಿರುವುದು ಫೋರ್‌ಸೈಟ್, ಕಣ್ಣಿನ ಕಡೆಗಿರುವುದು ಬ್ಯಾಕ್‌ಸೈಟ್. ಬ್ರೌನಿಂಗನ ರೈಫಲಿನಲ್ಲಿ ಇವೆರಡೂ ನಳಿಗೆಯ ಮೇಲೆಯೇ ಇದ್ದುದರಿಂದ, ಕೋವಿಯನ್ನು ಎಷ್ಟು ಬಾರಿ ಕಳಚಿ ಜೋಡಿಸಿದರೂ ನಳಿಗೆಗೂ ಗುರಿಗೂ ಇರುವ ಸಂಬಂಧ ಕದಲುತ್ತಿರಲಿಲ್ಲ. ಮೊಲದ ತಲೆಗೆ ಹೊಡೆದು ಮಾಂಸ ಕೆಡದಂತೆ ನೋಡಿಕೊಳ್ಳಬೇಕಾದ ಸಣ್ಣ ಬೇಟೆಯಲ್ಲಿ ಬೆರಳಗಲದ ವ್ಯತ್ಯಾಸವೂ ದೊಡ್ಡದೇ.

ಮಡಚುವ ಕೋವಿಗಳ ಬೆಳವಣಿಗೆಗೆ ದೊಡ್ಡ ತಡೆ ಬಂದದ್ದು 1934ರಲ್ಲಿ. ಕಳ್ಳಭಟ್ಟಿಯ ದಂಧೆ ನಡೆಸುತ್ತಿದ್ದ ತಂಡಗಳ ಹಿಂಸಾಚಾರದಿಂದ ಬೇಸತ್ತಿದ್ದ ಅಮೆರಿಕದ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಬಂದೂಕು ಕಾಯಿದೆ, ಬಟ್ಟೆಯಡಿ ಬಚ್ಚಿಡಬಹುದಾದ ಗಿಡ್ಡ ನಳಿಗೆಯ ಕೋವಿಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿ 200 ಡಾಲರ್ ತೆರಿಗೆ ವಿಧಿಸಿತು. ಆ ಕಾಲಕ್ಕೆ ಈ ಮೊತ್ತ ಇಂಥ ಕೋವಿಯ ಬೆಲೆಯನ್ನು ಎಷ್ಟೋ ಪಟ್ಟು ಮೀರಿದ್ದರಿಂದ ಗೇಮ್ ಗೆಟರಿನ ಗಿಡ್ಡ ರೂಪಗಳು ಅಮೆರಿಕದ ಅಂಗಡಿಗಳಿಂದ ಮಾಯವಾದವು. ಅಂದಿನಿಂದ ಈ ಕೋವಿಗಳ ಉದ್ದವನ್ನು ನಿರ್ಧರಿಸುವುದರಲ್ಲಿ ಬೇಟೆಗಾರನ ಅನುಕೂಲದಷ್ಟೇ ಕಾನೂನಿನ ಅಳತೆಗೋಲಿಗೂ ಪಾಲು ದೊರೆಯಿತು. ಮುಂದೆ ಬಂದ ಇಂಥ ಹಲವು ಪಾಯಿಂಟ್ 22 ರೈಫಲುಗಳ ನಳಿಗೆಗಳು ಕಾನೂನಿನ ಮಿತಿಯಾದ 16 ಅಂಗುಲಕ್ಕೆ ಸರಿಯಾಗಿ, ಇಲ್ಲವೇ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿ ನಿಂತದ್ದು ಇದರಿಂದಲೇ.

ಎತ್ತಿಡುವ ಕೋವಿಯ ಕವಲು ಹುಟ್ಟಿದ್ದು ವಿಮಾನಯಾನದೊಂದಿಗೆ. ಎರಡನೆಯ ಮಹಾಯುದ್ಧದ ನಂತರ, ಧ್ರುವಪ್ರದೇಶದ ಮೇಲೆ ಹಾರುವ ವಿಮಾನ ಉರುಳಿದರೆ ಬದುಕುಳಿದ ವೈಮಾನಿಕರು ನೆರವು ಬರುವವರೆಗೆ ಹೊಟ್ಟೆ ಹೊರೆದುಕೊಳ್ಳಲು ಏನಾದರೊಂದು ಸಾಧನ ಬೇಕೆಂದು ಅಮೆರಿಕದ ವಾಯುಪಡೆ ಬಗೆಯಿತು. ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಕಂಪನಿ ತಯಾರಿಸಿದ ಎಂ4 ಮತ್ತು ಇತಾಕಾ ಕಂಪನಿ ತಯಾರಿಸಿದ ಎಂ6 ಈ ಆಲೋಚನೆಯ ಮೊದಲ ಫಲಗಳು. ಇವೆರಡೂ ಬಳಸಿದ್ದು ರಿಮ್‌ಫೈರ್ ತೋಟೆಯನ್ನಲ್ಲ, ಅದಕ್ಕಿಂತ ಹೆಚ್ಚು ಬಲವುಳ್ಳ, ಸ್ಫೋಟಕ ತಳದ ನಡುವೆ ಇರುವ ಪಾಯಿಂಟ್ 22 ಹಾರ್ನೆಟ್ ತೋಟೆಯನ್ನು. ಎಂ6ನಲ್ಲಿ ಹಾರ್ನೆಟ್ ನಳಿಗೆಯ ಕೆಳಗೆ ಪಾಯಿಂಟ್ 410ರ ಚರೆ ನಳಿಗೆಯೂ ಇದ್ದು, ಇಡೀ ಕೋವಿ ಬಿಜಾಗರಿಯಲ್ಲಿ ಮಡಚಿ ಸುಮಾರು 15 ಅಂಗುಲಕ್ಕೆ ಇಳಿಯುತ್ತಿತ್ತು. ಹಿಡಿಯೊಳಗಿನ ಗೂಡುಗಳಲ್ಲಿ ಒಂಬತ್ತು ಹಾರ್ನೆಟ್ ಮತ್ತು ನಾಲ್ಕು ಚರೆತೋಟೆಗಳು ಸಾಲಾಗಿ ಕೂರುತ್ತಿದ್ದವು. ಅದರ ಟ್ರಿಗರ್ ಒಂದು ಬೆರಳಿಗಲ್ಲ, ದಪ್ಪ ಉಣ್ಣೆಗವಸು ತೊಟ್ಟ ಇಡೀ ಕೈಗೆ ಸಿಗುವಂತೆ ಅಗಲವಾದ ಸಲಾಕೆಯಾಗಿತ್ತು. ಚಳಿಗೆ ಮರಗಟ್ಟಿದ ಬೆರಳುಗಳನ್ನು ಕಣ್ಣೆದುರಿಗಿಟ್ಟುಕೊಂಡೇ ಅದನ್ನು ರೂಪಿಸಲಾಗಿತ್ತು. ಮೆತುಮೂತಿಯ ಗುಂಡುಗಳಿದ್ದ ಹಾರ್ನೆಟ್ ತೋಟೆಯ ಪೆಟ್ಟಿಗೆಗಳ ಮೇಲೆ, ಇವು ಆಹಾರಕ್ಕಾಗಿ ಪ್ರಾಣಿಗಳನ್ನು ಕೊಲ್ಲಲಿಕ್ಕೆ ಮಾತ್ರ, ಯಾವ ಕಾರಣಕ್ಕೂ ಶತ್ರುಸೈನಿಕರ ಮೇಲೆ ಬಳಸಕೂಡದು ಎಂಬ ಎಚ್ಚರಿಕೆಯನ್ನೂ ಮುದ್ರಿಸಿದ್ದರು.

ಕ್ಯಾಲಿಫೋರ್ನಿಯಾದ ಆರ್ಮಲೈಟ್ ಸಂಸ್ಥೆ ಇದೇ ಉದ್ದೇಶಕ್ಕೆ ಎಆರ್-5 ಎಂಬ ಇನ್ನೂ ಹಗುರವಾದ ರೈಫಲನ್ನು ಸಿದ್ಧಪಡಿಸಿತು. 1956ರಲ್ಲಿ ವಾಯುಪಡೆ ಅದನ್ನು ಒಪ್ಪಿತಾದರೂ, ಹಳೆಯ ಕೋವಿಗಳ ದಾಸ್ತಾನು ಸಾಕಷ್ಟಿದ್ದ ಕಾರಣ ದೊಡ್ಡ ಪ್ರಮಾಣದ ಖರೀದಿ ನಡೆಯಲಿಲ್ಲ. ಆ ಪರಿಶ್ರಮ ವ್ಯರ್ಥವಾಗದಂತೆ ಆ ಸಂಸ್ಥೆಯ ವಿನ್ಯಾಸಕ ಯೂಜೀನ್ ಸ್ಟೋನರ್ ಅದೇ ಕಲ್ಪನೆಯನ್ನು ಪಾಯಿಂಟ್ 22 ಲಾಂಗ್ ರೈಫಲ್ ತೋಟೆಗೆ ಒಗ್ಗಿಸಿ, 1959ರಲ್ಲಿ ಎಆರ್-7 ಎಂಬ ಹೆಸರಿನಲ್ಲಿ ಸಾರ್ವಜನಿಕರ ಮಾರುಕಟ್ಟೆಗೆ ಬರುವಂತೆ ಮಾಡಿದನು. ಸುಮಾರು 1.1 ಕಿಲೋ ತೂಗುವ ಈ ಕೋವಿಯ ನಳಿಗೆ, ಎಂಟು ತೋಟೆಗಳ ಮ್ಯಾಗಜೀನು ಮತ್ತು ಯಂತ್ರಭಾಗಗಳೆಲ್ಲವೂ ಟೊಳ್ಳಾದ ಪ್ಲಾಸ್ಟಿಕ್ ಬಟ್ಟಿನೊಳಗೆ ಅಡಗಿ, ಹಿಂಬದಿಯ ಮುಚ್ಚಳ ಹಾಕಿದರೆ ಉಳಿಯುವುದು ನೀರಿನಲ್ಲಿ ತೇಲುವ ಒಂದು ಗಂಟು ಮಾತ್ರ. ಬೇಕಾದಾಗ ಯಂತ್ರಭಾಗವನ್ನು ಬಟ್ಟಿಗೆ ಕೂರಿಸಿ ತಿರುಪು ಬಿಗಿದು, ನಳಿಗೆಯ ಗುಬುಟನ್ನು ಅದರ ಕಚ್ಚಿಗೆ ಹೊಂದಿಸಿ ನಟ್ಟು ತಿರುಗಿಸಿ, ಮ್ಯಾಗಜೀನು ಸಿಕ್ಕಿಸಿದರೆ ಕೆಲಸ ಮುಗಿಯಿತು. ಯಾವ ಉಪಕರಣವೂ ಬೇಡ. 1973ರಲ್ಲಿ ಚಾರ್ಟರ್ ಆರ್ಮ್ಸ್ ಕಂಪನಿಗೆ ಸೇರಿ, ಮತ್ತೆ ಕೆಲವು ಕೈ ದಾಟಿ, ಕಡೆಗೆ ಹೆನ್ರಿ ಕಂಪನಿಯ ಪಾಲಾದ ಈ ರೈಫಲು ಇಂದಿಗೂ ತಯಾರಾಗುತ್ತಿದೆ. ಅಲಾಸ್ಕಾದಲ್ಲಿ ವಿಮಾನಗಳು ತುರ್ತು ಆಹಾರದೊಂದಿಗೆ ಒಂದು ಕೋವಿಯನ್ನೂ ಒಯ್ಯಬೇಕೆಂಬ ಕಾನೂನು ಬಹುಕಾಲ ಜಾರಿಯಲ್ಲಿದ್ದುದರಿಂದ ಇಂಥ ಕೋವಿಗಳಿಗೆ ಬೇಡಿಕೆಯೂ ಕುಂದಲಿಲ್ಲ.

ಎಆರ್-7ರ ಬಗ್ಗೆ ಬೇಟೆಗಾರರಿಂದ ಕೇಳಿಬರುವ ಆಕ್ಷೇಪಗಳ ಮೂಲವೂ ಅದರ ರಚನೆಯಲ್ಲೇ ಇದೆ. ಅದರ ಫೋರ್‌ಸೈಟ್ ನಳಿಗೆಯ ಮೇಲಿದ್ದರೆ ಬ್ಯಾಕ್‌ಸೈಟ್ ಯಂತ್ರಭಾಗದ ಮೇಲಿದೆ. ಹೊಡೆಯುತ್ತ ಹೋದಂತೆ ನಳಿಗೆಯ ನಟ್ಟು ತುಸು ಸಡಿಲಗೊಂಡರೆ ಗುರಿಯೂ ಸಡಿಲಗೊಳ್ಳುತ್ತದೆ. ಕೋವಿಯನ್ನೇ ನುಂಗುವಷ್ಟು ದಪ್ಪವಾಗಿರಬೇಕಾದ ಬಟ್ಟು ಕೆನ್ನೆಗೆ ಸರಿಯಾಗಿ ಒಗ್ಗದು. ವರ್ಷಗಟ್ಟಲೆ ಎತ್ತಿಟ್ಟು, ಒಮ್ಮೆ ಹೊರತೆಗೆದು, ಇಪ್ಪತ್ತು ಹೆಜ್ಜೆಯಾಚೆಯ ಮೊಲವೊಂದನ್ನು ಹೊಡೆಯಬೇಕಾದವನಿಗೆ ಇವು ದೊಡ್ಡ ಕೊರತೆಗಳಲ್ಲ. ದಿನವೂ ಮುಂಜಾನೆ ಅಳಿಲಿನ ಬೇಟೆಗೆ ಹೊರಡುವವನಿಗೆ ಇವೇ ಬೇಸರದ ಕಾರಣಗಳು. ಮಾರ್ಲಿನ್ ಕಂಪನಿಯ 1986ರ ಪಪೂಸ್ ಮತ್ತು ರೂಗರ್ ಕಂಪನಿ ತನ್ನ 1964ರ ಪ್ರಸಿದ್ಧ 10/22 ರೈಫಲನ್ನು 2012ರಲ್ಲಿ ಕಳಚುವಂತೆ ಮಾರ್ಪಡಿಸಿದ ರೂಪ ಇವೆರಡೂ ತೂಕವನ್ನು ಹೆಚ್ಚಿಸಿಕೊಂಡು, ಎರಡು ಸೈಟುಗಳನ್ನೂ ನಳಿಗೆಯ ಮೇಲೆಯೇ ಇರಿಸಿಕೊಂಡು, ಬ್ರೌನಿಂಗನ ಹಾದಿಗೆ ಮರಳಿದವು. ಎಂ6ನ ಮಡಚುವ ಕಲ್ಪನೆಯೂ ನಶಿಸಲಿಲ್ಲ: ಚೆಕ್ ದೇಶದ ಸಿಝಡ್ ಕಾರ್ಖಾನೆಯಲ್ಲಿ 18 ಅಂಗುಲದ ನಳಿಗೆಯೊಂದಿಗೆ ತಯಾರಾದ ಎಂ6 ಸ್ಕೌಟ್ ನಾಗರಿಕರಿಗೆ ದೊರೆಯಿತು, ಇಟಲಿಯ ಕಿಯಾಪ್ಪಾ ಕಂಪನಿಯ ಲಿಟಲ್ ಬ್ಯಾಜರ್ ತಂತಿಯ ಬಟ್ಟಿನ, ಒಂಟಿ ತೋಟೆಯ, ನಡುವೆ ಮಡಚುವ ಸರಳ ರೈಫಲಾಗಿ ಸುಮಾರು 1.3 ಕಿಲೋ ತೂಕದಲ್ಲಿ ಮಾರುಕಟ್ಟೆಗೆ ಬಂದಿತು.

ಭಾರತದಲ್ಲಿ ಈ ಪರಂಪರೆಗೆ ನೆಲೆಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಕೋವಿಗೆ ಪರವಾನಗಿ ಬೇಕು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಷಿಕಾರಿ ಅಪರಾಧವಾಗಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳಲಿಕ್ಕೇ ಹೊರತು ಬೇಟೆಯಾಡಲಿಕ್ಕಲ್ಲ. ಆದ್ದರಿಂದ ಈ ಇತಿಹಾಸದಿಂದ ಹೊರಡುವ ತೀರ್ಮಾನ ಅನ್ವಯಿಸುವುದು ಅದು ಬೆಳೆದ ಭೂಭಾಗಕ್ಕೇ. ದಿನನಿತ್ಯದ ಬೇಟೆಗೆ ಒಯ್ಯುವವನಿಗೆ ಎರಡು ಸೈಟುಗಳೂ ನಳಿಗೆಯ ಮೇಲೆಯೇ ಇರುವ, ಕಳಚುವ ರೈಫಲೇ ಸರಿಯಾದ ಆಯ್ಕೆ. ಆಪತ್ತಿಗೆಂದು ವಿಮಾನದಲ್ಲೋ ದೋಣಿಯಲ್ಲೋ ಇರಿಸುವವನಿಗೆ, ಗುರಿಯಲ್ಲಿ ತುಸು ಕಳೆದುಕೊಂಡರೂ ಅತ್ಯಂತ ಕಡಿಮೆ ಜಾಗ ಹಿಡಿಯುವ ಎಆರ್-7 ಅಥವಾ ಎಂ6 ಬಗೆಯ ಕೋವಿಯೇ ಉಚಿತ. ಇವೆರಡು ಉದ್ದೇಶಗಳನ್ನು ಒಂದೇ ಕೋವಿಯಲ್ಲಿ ಪೂರ್ಣವಾಗಿ ಸಾಧಿಸಿದ ರಚನೆ ಈ ಒಂದೂವರೆ ಶತಮಾನದಲ್ಲಿ ಬಂದಿಲ್ಲ. ಹಾಗೆ ಸಾಧಿಸಿದೆಯೆಂದು ಸಾರುವ ಜಾಹೀರಾತನ್ನು ನಂಬುವ ಮೊದಲು, ಕೊಳ್ಳುವವನು ತನ್ನ ಅಗತ್ಯ ಯಾವುದೆಂದು ಖಚಿತಪಡಿಸಿಕೊಳ್ಳುವುದು ಒಳಿತು.