ಬೆಳೆಯುವ ದತ್ತಸಂಚಯದ ಕಡತಗಳು ಡಿಸ್ಕ್‌ನಲ್ಲಿ ಚದುರದಂತೆ ನಿರ್ವಹಿಸುವ ಬಗ್ಗೆ ಮಾಹಿತಿ

ಪೀಠಿಕೆ:
ಸುಂಕಸಾಳ ಗ್ರಾಮವು ಅಂಕೋಲಾ ತಾಲ್ಲೂಕಿಗೆ ಸೇರಿದೆ. ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಯೋಜನೆಯ ಆರಂಭದ ವರ್ಷಗಳಲ್ಲಿ, ಅಂದರೆ 2001ರ ಸುಮಾರಿಗೆ, ಪ್ರತಿ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿ ಆಯಾ ತಾಲ್ಲೂಕಿನ ದಾಖಲೆಗಳನ್ನು ಎಸ್‌ಕ್ಯೂಎಲ್ ಸರ್ವರ್ ತಂತ್ರಾಂಶದಲ್ಲಿ ಇರಿಸಲಾಗುತ್ತಿತ್ತು. ಪಹಣಿಗಳ ಸಂಖ್ಯೆ ಹೆಚ್ಚು ಬದಲಾಗದಿದ್ದರೂ, ಪ್ರತಿ ಹಕ್ಕು ಬದಲಾವಣೆ, ಪೋಡಿ ಹಾಗೂ ಹಂಗಾಮಿನ ಬೆಳೆ ವಿವರದೊಂದಿಗೆ ಇಂತಹ ದತ್ತಸಂಚಯವು ನಿರಂತರವಾಗಿ ಬೆಳೆಯುತ್ತದೆ.

ಸಮಸ್ಯೆಯ ಸ್ವರೂಪ:
ಖಾತೆ ಪುಸ್ತಕದಲ್ಲಿ ಒಂದು ಖಾತೆಗೆ ಮೀಸಲಿಟ್ಟ ಪುಟಗಳು ತುಂಬಿದಾಗ ಉಳಿದ ಲೆಕ್ಕವನ್ನು ದೂರದ ಪುಟದಲ್ಲಿ ಮುಂದುವರಿಸಬೇಕಾಗುತ್ತದೆ. ಡಿಸ್ಕ್‌ನಲ್ಲಿಯೂ ಕಡತವು ಸ್ವಲ್ಪ ಸ್ವಲ್ಪವೇ ಬೆಳೆದಾಗ ಅದರ ಭಾಗಗಳು ಖಾಲಿ ಇರುವೆಡೆಯಲ್ಲೆಲ್ಲ ಚದುರಿ ಹೋಗುತ್ತವೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಅವುಗಳನ್ನು ಓದಲು ಹೆಚ್ಚು ಸಮಯ ಬೇಕಾಗುತ್ತದೆ. ಬೆಳೆ ಸಾಲಕ್ಕೆಂದು ಪಹಣಿ ಪಡೆಯಲು ಗ್ರಾಮದಿಂದ ಪಟ್ಟಣಕ್ಕೆ ಬಂದ ರೈತರ ಪಾಲಿಗೆ ಈ ವಿಳಂಬವು ಸರತಿ ಸಾಲಿನ ಕಾಯುವಿಕೆಯೇ ಆಗಿರುತ್ತದೆ.

ಚದುರುವಿಕೆಯು ಎರಡು ವಿಧ:
ಅ) ಡಿಸ್ಕ್‌ನಲ್ಲಿ ಕಡತವೇ ಚದುರುವುದು.
ಆ) ಕಡತದ ಒಳಗೆ ಸೂಚಿಯ ಪುಟಗಳು ಕ್ರಮ ತಪ್ಪುವುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಒಂದು ಪುಟವು 8 ಕಿಲೋಬೈಟ್ ಇದ್ದು, ಅದು ತುಂಬಿದಾಗ ಎರಡಾಗಿ ಒಡೆಯುತ್ತದೆ.
ಮೊದಲನೆಯದನ್ನು ಸರಿಪಡಿಸಿದ ಮಾತ್ರಕ್ಕೆ ಎರಡನೆಯದು ಸರಿಯಾಗುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು:
1. ಮುಂದಿನ ಎರಡು-ಮೂರು ವರ್ಷಗಳ ಬೆಳವಣಿಗೆಯನ್ನು ಅಂದಾಜಿಸಿ, ಕಡತಕ್ಕೆ ಮೊದಲೇ ಸ್ಥಳ ಕಾಯ್ದಿರಿಸತಕ್ಕದ್ದು. ಇದುವೇ ಮುಖ್ಯ ಪರಿಹಾರವಾಗಿರುತ್ತದೆ.
2. ಸ್ವಯಂ ಬೆಳವಣಿಗೆಯನ್ನು ಆಪತ್ಕಾಲಕ್ಕೆ ಮಾತ್ರ ಇರಿಸಿಕೊಂಡು, ಅದರ ಪ್ರಮಾಣವನ್ನು 1 ಮೆಗಾಬೈಟ್‌ನಂತಹ ಸಣ್ಣ ಅಳತೆಗೆ ನಿಗದಿಪಡಿಸಬಾರದು.
3. ಕಡತವನ್ನು ತಾನಾಗಿ ಕುಗ್ಗಿಸುವ ಸೌಲಭ್ಯವನ್ನು ಬಳಸಬಾರದು. ಕುಗ್ಗಿದ ಕಡತವು ಮತ್ತೆ ಬೆಳೆಯುವಾಗ ಪುನಃ ಚದುರುತ್ತದೆ.
4. ಈಗಾಗಲೇ ಚದುರಿದ ಕಡತವಿದ್ದಲ್ಲಿ, ಪೂರ್ಣ ಬ್ಯಾಕಪ್ ಪಡೆದು, ಅದನ್ನು ಪರಿಶೀಲಿಸಿ, ದತ್ತಸಂಚಯ ಸೇವೆಯನ್ನು ನಿಲ್ಲಿಸಿದ ನಂತರವೇ ಡಿಸ್ಕ್ ಜೋಡಣೆ ಕೈಗೊಳ್ಳತಕ್ಕದ್ದು. ಇದಕ್ಕೆ ರಜಾ ದಿನ ಸೂಕ್ತ.
5. ಸೂಚಿಯ ಕ್ರಮಭಂಗವು ಸುಮಾರು ಶೇ. 5ರಿಂದ 30ರಷ್ಟಿದ್ದರೆ ಮರುಜೋಡಣೆ, ಅದಕ್ಕೂ ಮೀರಿದರೆ ಮರುನಿರ್ಮಾಣ ಮಾಡುವುದು ವಾಡಿಕೆ.

ವಿ.ಸೂ.: ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳಿಗೆ ಹಳೆಯ ಮಾದರಿಯ ಡಿಸ್ಕ್ ಜೋಡಣೆಯ ಅಗತ್ಯವಿಲ್ಲ, ಅದರಿಂದ ಅನಗತ್ಯ ಬರವಣಿಗೆಯಾಗಿ ಅವುಗಳ ಬಾಳಿಕೆ ಕಡಿಮೆಯಾಗುತ್ತದೆ. ಆದರೆ ಸ್ಥಳ ಕಾಯ್ದಿರಿಸುವ ನಿಯಮವು ಅವುಗಳಿಗೂ ಅನ್ವಯಿಸುತ್ತದೆ.