ತಡಿಯಾಚೆಗೆ ಎರಡು ವರ್ಷ

ಭೋಸರಿಯ ಎಂಐಡಿಸಿ ಕಾರ್ಖಾನೆಗಳಲ್ಲಿ ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ದುಡಿಯುವವರಿದ್ದಾರೆ. ನಾನು ಅನುವಾದದ ಕೆಲಸ ಮಾಡುವುದು ಗೊತ್ತಿರುವುದರಿಂದ ಅವರ ಮನೆಯ ಮರಾಠಿ ಕಾಗದಗಳು ಆಗಾಗ ನನ್ನ ಬಾಗಿಲಿಗೆ ಬರುತ್ತವೆ. ಕಳೆದ ಮಳೆಗಾಲದಲ್ಲಿ ಹೆಂಗಸೊಬ್ಬರು ಮಗನ ಹೆಸರಿಗೆ ಬಂದ ಪೊಲೀಸ್ ನೋಟಿಸು ತಂದು, “ಅಕ್ಕೋರೆ, ಇದು ಜೇಲಿನ ಕಾಗದ ಏನ್ರಿ?” ಎಂದರು.

ಜೈಲಿನದಲ್ಲ, ‘ತಡೀಪಾರ್’ ನೋಟಿಸು. ನಾವು ಗಡಿಪಾರು ಎನ್ನುವುದನ್ನೇ ಮರಾಠಿಗರು ಹೀಗೆನ್ನುತ್ತಾರೆ. ತಡಿ ಎಂದರೆ ದಡ, ಅದು ನಮ್ಮಲ್ಲೂ ಇರುವ ಮಾತೇ. ‘ಪಾರ’ ಎಂದರೆ ಸಂಸ್ಕೃತದಲ್ಲಿ ಆಚೆಯ ದಡ. ಸಂಕಟದಿಂದ ಪಾರಾದೆ ಎಂದು ನಿಟ್ಟುಸಿರು ಬಿಡುವುದೂ ಅದೇ ಪದದಿಂದ. ಇಲ್ಲಿ ಮಾತ್ರ ಪಾರಾಗುವುದೇ ಸಂಕಟ.

ಈ ಕಾನೂನಿನ ಬೇರು ಮುಂಬಯಿಯದು. 1902ರ ಮುಂಬಯಿ ನಗರ ಪೊಲೀಸ್ ಕಾಯ್ದೆಯ 27ನೇ ಕಲಮು, ಅಪಾಯಕಾರಿ ಎನಿಸಿದವನನ್ನು ಊರು ಬಿಡಿಸುವ ಅಧಿಕಾರವನ್ನು ಪೊಲೀಸ್ ಕಮಿಷನರರಿಗೆ ಕೊಟ್ಟಿತ್ತು. ಸಂವಿಧಾನ ಬಂದ ಮೇಲೆ ಅದು ಬಿದ್ದುಹೋಗುತ್ತದೆಂದು ಹಲವರು ಎಣಿಸಿದ್ದಿರಬಹುದು. ಬೀಳಲಿಲ್ಲ. ಮುಂಬಯಿ ಬಿಟ್ಟು ಅಮೃತಸರಕ್ಕೆ ಹೋಗೆಂಬ ಆಜ್ಞೆ ಪಡೆದ ಗುರುಬಚನ್ ಸಿಂಗ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1952ರಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟ್ 31ರಂದು ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆ ರದ್ದಾಯಿತು. ಹುಟ್ಟನ್ನೇ ಅಪರಾಧ ಮಾಡಿದ್ದ ಆ ಕಾಯ್ದೆಯ ಗುರುತಾಗಿ ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂಬ ಜಾಗವಿದೆ. ಜಾತಿಯ ಮೇಲಿನ ಗುಮಾನಿ ಕಾನೂನಿನ ಪುಸ್ತಕದಿಂದ ಹೋಯಿತು, ವ್ಯಕ್ತಿಯ ಮೇಲಿನ ಗುಮಾನಿ ಉಳಿಯಿತು.

ಆ ವೇಳೆಗೆ 1951ರ ಮುಂಬಯಿ ಪೊಲೀಸ್ ಕಾಯ್ದೆ ಬಂದಿತ್ತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಆಗ ಮುಂಬಯಿ ರಾಜ್ಯದಲ್ಲೇ ಇದ್ದದ್ದರಿಂದ ಭೋಸರಿಗೂ ಹುಬ್ಬಳ್ಳಿಗೂ ಒಂದೇ ಕಾನೂನು. 1956ರಲ್ಲಿ ರಾಜ್ಯ ಬೇರೆಯಾಯಿತು. ಕರ್ನಾಟಕ ಪೊಲೀಸ್ ಕಾಯ್ದೆ ಎಂದು ನಾವಿಂದು ಕರೆಯುವ 1963ರ ಕಾಯ್ದೆಯಲ್ಲೂ ಗಡಿಪಾರಿನ ಕಲಮುಗಳು ಹೆಚ್ಚುಕಡಿಮೆ ಅದೇ ಅಚ್ಚಿನಲ್ಲಿವೆ. ಅಲ್ಲಿ 56 ಎಂದಿದ್ದದ್ದು ಇಲ್ಲಿ 55.

ಆ ತಾಯಿಯ ಕೈಯಲ್ಲಿದ್ದದ್ದು 59ನೇ ಕಲಮಿನ ನೋಟಿಸು. ಮಗನ ಮೇಲೆ ಎರಡು ಹೊಡೆದಾಟದ ಕೇಸುಗಳಿದ್ದವು, ಎರಡೂ ಇನ್ನೂ ತೀರ್ಮಾನವಾಗಿರಲಿಲ್ಲ. ಗಡಿಪಾರಿಗೆ ತೀರ್ಮಾನ ಬೇಕಿಲ್ಲ. 56ನೇ ಕಲಮಿಗೆ ಬೇಕಾದದ್ದು, ಅವನ ನಡೆಯಿಂದ ಜನರಿಗೆ ಭೀತಿ ಅಥವಾ ಹಾನಿ, ಇಲ್ಲವೇ ಅವನು ಹಿಂಸೆಯಂಥ ಅಪರಾಧಕ್ಕೆ ತೊಡಗಿದ್ದಾನೆಂದು ನಂಬಲು ಆಧಾರ. ಜೊತೆಗೆ, ಹೆದರಿ ಸಾಕ್ಷಿಗಳು ಮುಂದೆ ಬರುತ್ತಿಲ್ಲವೆಂದು ಅಧಿಕಾರಿಗೆ ಮನವರಿಕೆಯಾಗುವುದು. ಆಜ್ಞೆ ಹೊರಡಿಸುವವರು ಪೊಲೀಸ್ ಅಥವಾ ಕಂದಾಯದ ಅಧಿಕಾರಿಗಳು, ನ್ಯಾಯಾಲಯವಲ್ಲ. ಅವಧಿ ಗರಿಷ್ಠ ಎರಡು ವರ್ಷ. ಅಪ್ಪಣೆಯಿಲ್ಲದೆ ಮರಳಿದರೆ ಅದು ಹೊಸ ಅಪರಾಧ, ಆಗ ಜೈಲು.

ಅನುವಾದಿಸುವಾಗ ನನ್ನನ್ನು ನಿಲ್ಲಿಸಿದ್ದು ‘ಸಾಕ್ಷೀದಾರ ಅ’, ‘ಸಾಕ್ಷೀದಾರ ಬ’ ಎಂಬೆರಡು ಅಕ್ಷರಗಳು. ಹೆಸರಿಲ್ಲ, ದಿನಾಂಕವಿಲ್ಲ. ಆರೋಪಗಳ ಸಾಮಾನ್ಯ ಸ್ವರೂಪವನ್ನಷ್ಟೇ ತಿಳಿಸಿದರೆ ಸಾಕೆಂದು ಕಾಯ್ದೆಯೇ ಹೇಳುತ್ತದೆ; ಪಂಢರಿನಾಥ ರಾಂಗ್ಣೇಕರ್ ತೀರ್ಪೂ ಅದನ್ನೊಪ್ಪಿದೆ. ಸಾಕ್ಷಿಯ ಭಯ ಸುಳ್ಳೆಂದು ನಾನು ಹೇಳಲಾರೆ, ಇದೇ ಗಲ್ಲಿಯಲ್ಲಿ ವಾಸಿಸುವವಳು. ಆದರೆ ಅಕ್ಷರಕ್ಕೆ ಉತ್ತರ ಕೊಡುವುದು ಹೇಗೆ?

2022ರ ಜನವರಿಯಲ್ಲಿ ಜಾಲ್ನಾ ಜಿಲ್ಲೆಯ ದೀಪಕ್ ಡೋಂಗ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಡಿಪಾರು ಅಸಾಧಾರಣ ಕ್ರಮ, ಅಪರೂಪಕ್ಕಷ್ಟೇ ಬಳಸಬೇಕು ಎಂದಿತು. ಮನೆಯವರಿಂದ ದೂರವಾಗುವುದು, ಅನ್ನದ ದಾರಿ ಹೋಗುವುದು ಎರಡನ್ನೂ ತೀರ್ಪು ಗಮನಿಸಿದೆ. ಎರಡು ವರ್ಷ ಪೂರ್ತಿ ಹಾಕಿದರೆ ಅಷ್ಟು ದೀರ್ಘ ಏಕೆಂದು ಆಜ್ಞೆಯಲ್ಲಿ ಕಾಣಬೇಕೆಂದೂ ಹೇಳಿದೆ.

ಇದನ್ನೆಲ್ಲ ಆಕೆಗೆ ಹೇಳಲಿಲ್ಲ. ನೋಟಿಸಿಗೆ ಹಾಜರಾಗಲೇಬೇಕು, ವಕೀಲರನ್ನು ಕರೆದೊಯ್ಯಬಹುದು, ಪರವಾಗಿ ಮಾತಾಡುವವರನ್ನು ನಿಲ್ಲಿಸಬಹುದು, ಆಜ್ಞೆಯಾದರೆ 30 ದಿನದೊಳಗೆ ಸರಕಾರಕ್ಕೆ ಮೇಲ್ಮನವಿ ಎಂದು ಕನ್ನಡದಲ್ಲಿ ಬರೆದುಕೊಟ್ಟೆ. ಆಕೆ ಚೀಟಿ ಮಡಚುತ್ತಾ, “ಜಿಲ್ಲಾ ದಾಟಿ ಇರಬೇಕಂದ್ರ ಎರಡನೇ ಬಾಡಿಗಿ ಯಾರು ಕಟ್ತಾರ್ರಿ?” ಎಂದರು. ವಿಚಾರಣೆ ಗುರುವಾರವಿತ್ತು. ಬುಧವಾರ ಸಂಜೆ ವಕೀಲರೊಬ್ಬರು ಸಿಕ್ಕರು.