ಠೇವಣಿ

ಮಂಗಳೂರಿನವರಿಗೆ ಠೇವಣಿ ಅಂದರೆ ಮೊದಲು ನೆನಪಾಗುವುದು ಬ್ಯಾಂಕು. 1906ರಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ, 1931ರಲ್ಲಿ ವಿಜಯ ಹುಟ್ಟಿದ ಊರಲ್ಲವೇ! ಅಡಿಕೆ ಮಾರಿದ ದುಡ್ಡು ಸೀದಾ ಠೇವಣಿಗೆ. ಶಬ್ದ ಬಂದದ್ದು ಮರಾಠಿಯ ‘ಠೇವಣೆ’ಯಿಂದ, ಇಡುವುದು ಎಂದಷ್ಟೇ ಅದರ ಅರ್ಥ. ಇಟ್ಟದ್ದು ಬೆಳೆಯಬೇಕು ಎಂಬ ಆಸೆ ನಾವು ಸೇರಿಸಿದ್ದು.

ಚುನಾವಣೆ ಬಂದರೆ ಈ ಶಬ್ದಕ್ಕೆ ಬಿಡುವಿಲ್ಲ. ಲೋಕಸಭೆಗೆ ನಿಲ್ಲುವ ಸಾಮಾನ್ಯ ವರ್ಗದವರು 25 ಸಾವಿರ ರೂಪಾಯಿ ಇಡಬೇಕು. ಬಿದ್ದ ಮತದಲ್ಲಿ ಆರನೇ ಒಂದು ಪಾಲೂ ದಕ್ಕದಿದ್ದರೆ ‘ಠೇವಣಿ ಹೋಯಿತು’. ಅದೇ ಹೊತ್ತಿಗೆ ಸುಳ್ಯ, ಪುತ್ತೂರು ಕಡೆಯ ಕೃಷಿಕರು ಠಾಣೆಗೆ ಹೋಗಿ ಇಡುವ ಠೇವಣಿ ಮಾತ್ರ ಕೋವಿ.

ನಮ್ಮ ದೊಡ್ಡಪ್ಪನದು ಒಂಟಿ ನಳಿಗೆಯ ಕೇಪಿನ ಕೋವಿ. ಹಳೇ ಪಂಚೆಯಲ್ಲಿ ಸುತ್ತಿ, ಮೇಲೆ ಗೋಣಿ ಹೊದೆಸಿ, ಎರಡು ಕಡೆ ಹಗ್ಗ ಬಿಗಿದು, ಜೀಪಿನ ಹಿಂದಿನ ಸೀಟಿನಲ್ಲಿ ಜ್ವರ ಬಂದ ಮಗುವಿನ ಹಾಗೆ ಮಲಗಿಸಿಕೊಂಡು ಹೋಗುತ್ತಾರೆ. ಠಾಣೆಯಲ್ಲಿ ನಂಬರು ನೋಡಿ, ಚೀಟಿ ಕಟ್ಟಿ, ರಶೀದಿ ಕೊಡುತ್ತಾರೆ. “ಬೆಡಿ ದೀದ್ ಬತ್ತೆ” (ಕೋವಿ ಇಟ್ಟು ಬಂದೆ) ಎನ್ನುತ್ತಾ ದೊಡ್ಡಪ್ಪ ಜಗಲಿಯಲ್ಲಿ ಕೂತರೆ ಆ ದಿನ ಮತ್ತೆ ಮಾತಿಲ್ಲ. 2024ರಲ್ಲಿ ನೀತಿಸಂಹಿತೆ ಬಂದದ್ದು ಮಾರ್ಚ್ 16ಕ್ಕೆ, ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಬೆದರಿಸಲು ಒಂದು ಈಡೂ ಇಲ್ಲದ ತೋಟದಲ್ಲಿ ಮಂಗಗಳು ಅಷ್ಟೂ ದಿನ ಬೊಂಡ ಕುಡಿದವು. (ಸಂಹಿತೆ ಅವಕ್ಕೆ ಅನ್ವಯಿಸುವುದಿಲ್ಲ.) ಕೋವಿ ವಾಪಸು ಬಂದಾಗ ನಳಿಗೆಯೊಳಗೆ ತುಕ್ಕು. ಬಡ್ಡಿ ಅಂತ ಸಿಕ್ಕಿದ್ದು ಅದೊಂದೇ.

ಅಮೆರಿಕದವರಿಗೆ ಬಂದೂಕು 1791ರಿಂದ ಹಕ್ಕು. ನಮಗೆ 1959ರ ಆಯುಧ ಕಾಯ್ದೆ ಕೊಡುವುದು ಪರವಾನಗಿ. ಕೊಡವರಿಗೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ 2029ರವರೆಗೆ ಅದರಿಂದ ವಿನಾಯಿತಿ. ನನಗೇನೋ ಪರವಾನಗಿಯೇ ಸರಿ ಎನಿಸುತ್ತದೆ. ಮನೆಯಲ್ಲಿ ಕೋವಿ, ತಲೆಯಲ್ಲಿ ಸಿಟ್ಟು ಎರಡೂ ಒಟ್ಟಿಗಿರುವುದು ಹೆದರಿಕೆಯ ಸಂಗತಿ. ಆದರೆ ಚುನಾವಣಾ ಆಯೋಗದ ಸೂಚನೆಯ ಪ್ರಕಾರ ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬರ ಪರವಾನಗಿ ನೋಡಬೇಕು: ಜಾಮೀನಿನ ಮೇಲಿರುವವರು, ಗಲಭೆಯ ಕೇಸಿನವರು ಯಾರು ಅಂತ. ಎಲ್ಲರದ್ದೂ ತನ್ನಿ ಎಂದುಬಿಟ್ಟರೆ ನೋಡುವ ಕೆಲಸವೇ ತಪ್ಪಿತು. ಈ ತಕರಾರು ಹಿಡಿದು ಕೃಷಿಕರು ಹೈಕೋರ್ಟಿಗೂ ಹೋದದ್ದುಂಟು.

2025ರ ಏಪ್ರಿಲ್ 27ರಿಂದ ಮೇ 27ರೊಳಗೆ ನಮ್ಮ ಜಿಲ್ಲೆಯ ಕುಡುಪು, ಬಜಪೆ, ಬಂಟ್ವಾಳದಲ್ಲಿ ಮೂರು ಕೊಲೆಗಳಾದವು. ಒಂದರಲ್ಲೂ ಕೋವಿ ಇರಲಿಲ್ಲ. ಒಂದು ಕಡೆ ಗುಂಪಿನ ಹೊಡೆತ, ಇನ್ನೆರಡು ಕಡೆ ತಲವಾರು. ತಲವಾರೂ ಅದೇ ಕಾಯ್ದೆಯ ಆಯುಧವೇ. ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದು ರಶೀದಿ ಕೇಳಿದವರು ಯಾರಾದರೂ ಉಂಟೇ?

ಪಂಚಾಯತ್ ಚುನಾವಣೆ ಬರುತ್ತದಂತೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆ. ದೊಡ್ಡಪ್ಪ ನನಗೆ ಉತ್ತರ ಕೊಡಲಿಲ್ಲ. ಹಳೇ ಪಂಚೆ ಎಲ್ಲಿಟ್ಟಿದ್ದೀ ಎಂದು ದೊಡ್ಡಮ್ಮನನ್ನು ಕೇಳಿದ್ದು ಕೇಳಿಸಿತು.